ತೇರ್ ಕಾಂಬುಕೆ ಹೋಪನಾ?

ಕೊಡಿಹಬ್ಬದ, ಅಂದರೆ ನಮ್ಮೂರ ತೇರಿನ ಹಬ್ಬದ ಬೆಳಿಗ್ಗೆ, ಕೋಟೇಶ್ವರದ ಮನೆಯ ಜಗಲಿಯಲ್ಲಿ ಅಮ್ಮಮ್ಮ ಕೇಳಿದ್ದು ಇಷ್ಟೇ: "ಹೆಣೆ, ತೇರ್ ಕಾಂಬುಕೆ ಹೋಪನಾ?" ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗಳು ನನ್ನ ಕಿವಿಯಲ್ಲಿ ಕೇಳಿದಳು: "ಕಾಂಬು ಅಂದ್ರೆ ಕಂಬವಾ?"

ಕಂಬವಲ್ಲ ಮಾರಾಯ್ತಿ, 'ನೋಡಲಿಕ್ಕೆ' ಅಂತ! ಹೇಳಿದ್ದೇನೋ ಹೇಳಿದೆ, ಆಮೇಲೆ ನನಗೇ ತಲೆ ತಿರುಗಿತು. ಊರೆಲ್ಲ 'ನೋಡು' ಅನ್ನುವಾಗ ನಮ್ಮ ಕುಂದಾಪ್ರದವರು ಮಾತ್ರ ಇವತ್ತಿಗೂ ಹೆಣ್ಣನ್ನೂ 'ಕಾಂಬುಕೆ' ಹೋಗುತ್ತಾರೆ, ಡಾಕ್ಟರನ್ನೂ 'ಕಾಂಬುಕೆ' ಹೋಗುತ್ತಾರೆ. ಸಾರಿಗೆ ಉಪ್ಪು ಸಾಕೋ ಅಂತ 'ತಿಂದ್ ಕಾಣ್' ಅನ್ನುತ್ತಾರೆ. ಉಳಿದ ಕನ್ನಡದಲ್ಲಿ ಈ 'ಕಾಣು' ಹೆಚ್ಚುಕಡಿಮೆ ನಿವೃತ್ತಿಯಾಗಿದೆ. ಗುಡ್ಡ ಕಾಣುತ್ತದೆ, ಯಾರೋ ಕಾಣೆಯಾಗುತ್ತಾರೆ, ಅಷ್ಟೇ. ನಮ್ಮೂರ ದೇವರು ಕೋಟಿಲಿಂಗೇಶ್ವರನ ಮುಂದಿನ ಡಬ್ಬಿಗೆ ಹಾಕುವ ಕಾಣಿಕೆಯಲ್ಲೂ ಅದೇ ಅಡಗಿ ಕುಳಿತಿದೆ: ದೊಡ್ಡವರನ್ನು ಕಾಣುವಾಗ ಒಪ್ಪಿಸುವುದೇ ಕಾಣಿಕೆ! 'ಕಾಂಬ', 'ಹೋಪ', 'ಬಪ್ಪ' ಅಂದರೆ ಹಳೆಯ ಕಾವ್ಯಗಳಲ್ಲಿ ಮೇಷ್ಟರು ಅರ್ಥ ಬಿಡಿಸಿ ಹೇಳಬೇಕಾದ ರೂಪಗಳು. ನಮ್ಮಲ್ಲಿ ಮೀನು ಮಾರುವವರ ಬಾಯಲ್ಲೂ ಅವೇ. ವಚನಕಾರರು ಕೊನೆಯಲ್ಲಿ ದೇವರನ್ನೇ ಎದುರಿಗೆ ನಿಲ್ಲಿಸಿಕೊಂಡು 'ಕಾಣಾ' ಅನ್ನುತ್ತಿದ್ದರಲ್ಲ, ನಮ್ಮವರ 'ಕಾಣಿ ಮಾರ್ರೆ' ಅದರ ಒಡಹುಟ್ಟು.

ತಮಿಳು, ಮಲಯಾಳಗಳಲ್ಲೂ 'ಕಾಣ್', ತೆಲುಗಿನಲ್ಲಿ 'ಕನು'. ಇದೇನೂ ದೊಡ್ಡ ಸಂಗತಿಯಲ್ಲ, ನೆರೆಮನೆಯವರು. ಆದರೆ ಭಾಷಾವಿದ್ವಾಂಸರಾದ ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಇದೇ ಪದದ ಸಾಲಿನ ಕೊನೆಗೆ ಹೋದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಬ್ರಾಹೂಯಿ ಇದೆ! ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಕಲಾತ್‌ನ ಒಣ ಬೆಟ್ಟಗಳ ನಡುವೆ ಕುರಿ ಮೇಯಿಸುವವರ ಭಾಷೆ. ಅವರ ಬಾಯಲ್ಲಿ ಮೊದಲಿನ 'ಕ' ಗಂಟಲಿಗಿಳಿದು 'ಖ' ಆಗಿದೆ. 'ನೋಡುವುದು' ಅನ್ನಲು ಅವರು ಏನೆನ್ನುತ್ತಾರೆ? 'ಖನಿಂಗ್'! ಕಣ್ಣಿಗೆ 'ಖನ್'! ಅಮ್ಮಮ್ಮನ ಕಾಂಬುಕೆಯ ದೂರದ ದಾಯಾದಿ, ಗಡಿಯಾಚೆ, ಇನ್ನೂ ಜೀವಂತ.

ಇಷ್ಟಾದ ಮೇಲೆ ಅಕ್ಕನ ಮಗಳ ಇಂಗ್ಲಿಷ್ ಪುಸ್ತಕದ ಪುಟ್ಟ 'ಸೀ'ಯನ್ನೂ (ಅದೂ 'ನೋಡು'ವೇ) ಬಿಡಲಾಗಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು 'ಸೆಓನ್', ಜರ್ಮನ್ನರಿಗೆ 'ಝೇಯೆನ್'. ಅದರ ಬೇರಿಗೆ ಮೊದಲು 'ಹಿಂಬಾಲಿಸು' ಎಂಬ ಅರ್ಥವಿತ್ತೆಂದು ವಿದ್ವಾಂಸರಲ್ಲಿ ಅನೇಕರ ವಾದ. ನೋಡುವುದೆಂದರೆ ಕಣ್ಣಿನಿಂದ ಬೆನ್ನುಹತ್ತುವುದು! ಅದೇ 'ಹಿಂಬಾಲಿಸು' ಬೇರಿನಿಂದ ಸಂಸ್ಕೃತದ 'ಸಚಿವ'ನೂ ಹುಟ್ಟಿದ್ದಾನೆ, ಜೊತೆಗೆ ನಡೆಯುವವನು. (ನಮ್ಮ ಸಚಿವರು ಯಾರ ಹಿಂದೆ ನಡೆಯುತ್ತಾರೆ ಎಂಬುದು ಬೇರೆ ಪ್ರಶ್ನೆ.) ಇನ್ನೊಂದು 'ನೋಡು' ಬೇರಿನಿಂದ ಲ್ಯಾಟಿನ್ನಿನಲ್ಲಿ 'ವಿಡಿಯೊ' ಬಂತು, ನಮ್ಮಲ್ಲಿ 'ವೇದ'. ವೇದವೂ ಅಕ್ಕನ ಮಗಳ ಫೋನಿನಲ್ಲಿರುವ ವಿಡಿಯೊವೂ ಒಂದೇ ಬಸಿರಿನವು, ಹೇಳಿದರೆ ಅಮ್ಮಮ್ಮ ನಂಬುತ್ತಾರೆಯೇ?

ರಥಬೀದಿಯಲ್ಲಿ ತೇರು ಮಿಸುಕಿತು. ಸಾವಿರ ಕಣ್ಣುಗಳು ಅದರ ಬೆನ್ನಿಗೇ ಹೊರಟವು. ಇಂಗ್ಲಿಷಿನವರ ಹಳೆಯ ಅರ್ಥ ನನ್ನೆದುರಿಗೇ ನಡೆಯುತ್ತಿತ್ತು! ಹೊಸ ಮದುಮಕ್ಕಳು ಕಬ್ಬಿನ ಕೊಡಿ ಹಿಡಿದು ನಿಂತಿದ್ದರು. ಸಂಜೆ ಮನೆಗೆ ಬಂದಾಗ ಅಮ್ಮಮ್ಮ ಕೇಳಿದರು, "ತೇರ್ ಕಂಡ್ಯಾ?"

"ಕಂಡೆ," ಅಂದಳು ಹುಡುಗಿ, ಚುರುಮುರಿ ಅಗಿಯುತ್ತ.