ಮೊಟ್ಟೆಯ ಕೋಸಂಬರಿ: ಅರಸೀಕೆರೆಯಿಂದ ಹಳೇಬೀಡಿಗೆ ಒಂದು ಬುತ್ತಿ

ಅರಸೀಕೆರೆ ಎಂದೊಡನೆ ಪ್ರಯಾಣಿಕರಿಗೆ ರೈಲು ಜಂಕ್ಷನ್ ನೆನಪಾಗುತ್ತದೆ. ವ್ಯಾಪಾರಸ್ಥರಿಗೆ ತೆಂಗಿನಕಾಯಿ ಮತ್ತು ಕೊಬ್ಬರಿ. ಚರಿತ್ರೆಯನ್ನು ಬಲ್ಲವರು ಮಾತ್ರ, ಇದು ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಊರೆಂಬುದನ್ನೂ, 1220ರ ಸುಮಾರಿನ ಹೊಯ್ಸಳರ ಶಿವಾಲಯವೊಂದು ಇಲ್ಲಿ ಇಂದಿಗೂ ನಿಂತಿದೆಯೆಂಬುದನ್ನೂ ನೆನೆದಾರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಗಾಡಿ ಇಲ್ಲಿ ನಿಂತಾಗ, ರಜೆಯ ದಿನಗಳಲ್ಲಿ ಒಂದೆರಡು ಸಂಸಾರಗಳಾದರೂ ಚೀಲ, ಮಕ್ಕಳು, ಬುತ್ತಿಯ ಡಬ್ಬಿಗಳೊಡನೆ ಇಳಿಯುವುದುಂಟು. ಜಾವಗಲ್ಲಿನ ಮಾರ್ಗವಾಗಿ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರು: ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರುವುದು ಅವರ ಸಂಕಲ್ಪ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ.

ಇಂಥ ಪ್ರವಾಸದ ಹಿಂದಿನ ರಾತ್ರಿ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಬುತ್ತಿಗೆ ಏನು? ಚಿತ್ರಾನ್ನ, ಮೊಸರನ್ನ, ಚಪಾತಿ ಎಂದು ಅಮ್ಮ ಲೆಕ್ಕ ಹಾಕುತ್ತಿರುವಾಗಲೇ, “ಅಮ್ಮಾ, ಬೇಕರಿಯಲ್ಲಿ ಬನ್ನಿನ ನಡುವೆ ಇಟ್ಟು ಕೊಡುತ್ತಾರಲ್ಲ, ಆ ಎಗ್ ಸಲಾಡ್ ಮಾಡಿಕೊಡು” ಎಂದು ಮಗ ರಾಗ ಎಳೆಯುತ್ತಾನೆ. ಅವನ ಬೇಡಿಕೆ ಆಶ್ಚರ್ಯದ್ದೇನೂ ಅಲ್ಲ. 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟದೊಡನೆ ಬೇಯಿಸಿದ ಮೊಟ್ಟೆಯನ್ನೂ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿಯನ್ನೂ ಕೊಡಲಾರಂಭಿಸಿದ ಮೇಲೆ, ಮೊಟ್ಟೆ ಅನೇಕ ಮನೆಗಳಲ್ಲಿ ಪಿಸುಮಾತಿನ ವಸ್ತುವಾಗಿ ಉಳಿದಿಲ್ಲ. ಆದರೆ ಬರಿಯ ಬೇಯಿಸಿದ ಮೊಟ್ಟೆಯನ್ನು ವಾರವಿಡೀ ಕಂಡ ಹುಡುಗನಿಗೆ ಬುತ್ತಿಯಲ್ಲೂ ಅದೇ ಕಂಡರೆ ಹೇಗೆ ರುಚಿಸೀತು?

ಎಗ್ ಸಲಾಡ್ ಎಂಬುದು ನಮ್ಮ ಕೋಸಂಬರಿಯ ದೂರದ ನಂಟನೇ ಸರಿ. ನೆನೆದ ಹೆಸರುಬೇಳೆಯ ಸ್ಥಾನದಲ್ಲಿ ಬೆಂದ ಮೊಟ್ಟೆಯ ಹೋಳುಗಳು. ತೆಂಗಿನ ತುರಿಯ ಸ್ಥಾನದಲ್ಲಿ ಕೆನೆಯಂಥ ಬಿಳಿಯ ಲೇಪ. ಹುಳಿ, ಉಪ್ಪು, ಖಾರಗಳ ಹದ ಎರಡಕ್ಕೂ ಸಮಾನ. ಇದನ್ನು ಮೊಟ್ಟೆಯ ಕೋಸಂಬರಿ ಎಂದೇ ಕರೆಯಲು ಅಡ್ಡಿಯೇನಿಲ್ಲ. ತೊಡಕಿರುವುದು ಆ ಕೆನೆಯಲ್ಲಿ.

ಅಂಗಡಿಗಳಲ್ಲಿ ಬಳಸುವ ಆ ಬಿಳಿಯ ಲೇಪಕ್ಕೆ ಮೇಯನೇಸ್ ಎಂದು ಹೆಸರು. ಅದರ ಮೂಲ ವಿಧಾನದಲ್ಲಿ ಹಸಿ ಮೊಟ್ಟೆಯ ಹಳದಿಗೆ ಎಣ್ಣೆಯನ್ನು ಹನಿಹನಿಯಾಗಿ ಬೆರೆಸಿ, ನಿಂಬೆರಸ ಅಥವಾ ವಿನೆಗರ್ ಸೇರಿಸಿ ಕಡೆಯುತ್ತಾರೆ. ಒಲೆಯ ಸೋಂಕೇ ಅದಕ್ಕಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು; ಬಿಸಿಲಿನಲ್ಲಿ ಇಟ್ಟ ಬಟ್ಟಲಿನಲ್ಲಿ ಅದು ಬಲುಬೇಗ ವೃದ್ಧಿಯಾಗುತ್ತದೆ. ವಾಂತಿ, ಭೇದಿ, ಜ್ವರ ಅದರ ಫಲ. ಎಳೆಯ ಮಕ್ಕಳಿಗೂ ವೃದ್ಧರಿಗೂ ಗರ್ಭಿಣಿಯರಿಗೂ ಪ್ರಾಣಾಪಾಯವೂ ಉಂಟು. ಇದು ಬರಿಯ ಹೆದರಿಕೆಯ ಮಾತಲ್ಲ. ಹಸಿ ಮೊಟ್ಟೆಯಿಂದ ಮಾಡಿದ ಮೇಯನೇಸನ್ನು ಕೇರಳ ಸರ್ಕಾರ 2023ರ ಜನವರಿಯಲ್ಲಿ ನಿಷೇಧಿಸಿತು; ತೆಲಂಗಾಣ 2024ರ ಅಕ್ಟೋಬರಿನಲ್ಲಿಯೂ ತಮಿಳುನಾಡು 2025ರ ಏಪ್ರಿಲಿನಲ್ಲಿಯೂ ಒಂದೊಂದು ವರ್ಷದ ಅವಧಿಗೆ ಅದೇ ಹಾದಿ ಹಿಡಿದವು. ನೆರೆಯ ಮೂರು ರಾಜ್ಯಗಳು ಹೀಗೆ ಎಚ್ಚರಗೊಂಡ ಮೇಲೆ, ಮನೆಯಲ್ಲಿ ಮಿಕ್ಸಿಗೆ ಹಸಿ ಮೊಟ್ಟೆ ಒಡೆದು ಹಾಕಿ ಮಕ್ಕಳ ಬುತ್ತಿ ಕಟ್ಟುವುದು ಜಾಣತನವಲ್ಲ. ಹಾಗೆಂದು ಕೆನೆಯ ಆಸೆಯನ್ನೇ ಬಿಡಬೇಕಾಗಿಲ್ಲ. ಕೆನೆಯ ಗುಟ್ಟು ಹಳದಿಯ ಹಸಿತನದಲ್ಲಿಲ್ಲ, ಹಳದಿಯಲ್ಲೇ ಇದೆ.

ಎಣ್ಣೆಗೂ ನೀರಿಗೂ ಇರುವ ಹಗೆ ಎಲ್ಲರೂ ಬಲ್ಲದ್ದು. ಎಷ್ಟು ಕಡೆದರೂ ಒಂದು ಗಳಿಗೆಯಲ್ಲಿ ಬೇರೆಯಾಗುತ್ತವೆ. ಈ ಇಬ್ಬರ ನಡುವೆ ಸಂಧಾನ ನಡೆಸುವ ಪದಾರ್ಥವೊಂದು ಮೊಟ್ಟೆಯ ಹಳದಿಯಲ್ಲಿ ಹೇರಳವಾಗಿದೆ. 19ನೆಯ ಶತಮಾನದ ನಡುಭಾಗದಲ್ಲಿ ಗೋಬ್ಲೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಅದನ್ನು ಹಳದಿಯಿಂದಲೇ ಬೇರ್ಪಡಿಸಿ, ಹಳದಿಗೆ ಗ್ರೀಕರು ಹೇಳುವ ಶಬ್ದದಿಂದ ‘ಲೆಸಿತಿನ್’ ಎಂದು ಹೆಸರಿಟ್ಟ. ಲೆಸಿತಿನ್ನಿನ ಕಣಕ್ಕೆ ಒಂದು ತುದಿ ಎಣ್ಣೆಗೆ ಒಲಿದದ್ದು, ಇನ್ನೊಂದು ತುದಿ ನೀರಿಗೆ ಒಲಿದದ್ದು. ಎಣ್ಣೆಯ ಸಣ್ಣಸಣ್ಣ ಹನಿಗಳ ಸುತ್ತ ಅದು ನಿಂತುಬಿಟ್ಟರೆ, ಹನಿಗಳು ಒಂದನ್ನೊಂದು ಕೂಡಿಕೊಳ್ಳಲಾರದೆ ನೀರಿನಲ್ಲಿ ಹಾಗೆಯೇ ತೇಲುತ್ತ ಉಳಿಯುತ್ತವೆ. ಕಣ್ಣಿಗೆ ಕಾಣುವುದು ಕೆನೆ. ಮೊಟ್ಟೆಯನ್ನು ಬೇಯಿಸಿದರೂ ಈ ಗುಣ ಕೆಡುವುದಿಲ್ಲ. ಹಸಿಯದಕ್ಕಿಂತ ಸ್ವಲ್ಪ ಕುಂದುತ್ತದೆ, ಅಷ್ಟೆ. ಫ್ರೆಂಚರ ಅಡುಗೆಯಲ್ಲಿ ಬೆಂದ ಹಳದಿಯಿಂದಲೇ ಮಾಡುವ ‘ಗ್ರಿಬಿಷ್’ ಎಂಬ ಲೇಪವಿದೆ. ಆ ಕುಂದನ್ನು ತುಂಬಿಕೊಡಲು ನಮ್ಮಲ್ಲಿ ಗಟ್ಟಿಮೊಸರು ಇದೆ, ಸಾಸಿವೆ ಇದೆ. ಮೊಸರಿಗೆ ಸಾಸಿವೆ ಅರೆದು ಹಾಕುವುದನ್ನು ಕನ್ನಡದ ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಮೇಲೋಗರವನ್ನೇ ‘ಸಾಸಿವೆ’ ಎಂದು ಕರೆದವರು ನಾವು.

ಆರು ಮೊಟ್ಟೆಗಳಿದ್ದರೆ ನಾಲ್ವರ ಸಂಸಾರಕ್ಕೆ ಸಾಕು. ಅವು ಆ ದಿನವೇ ಇಟ್ಟ ಮೊಟ್ಟೆಗಳಾಗಿರದೆ, ನಾಲ್ಕಾರು ದಿನ ಕಳೆದವಾಗಿದ್ದರೆ ಉತ್ತಮ. ತೀರ ಹೊಸ ಮೊಟ್ಟೆಯನ್ನು ಬೇಯಿಸಿ ಸುಲಿದರೆ ಬಿಳಿಯ ಭಾಗ ಚಿಪ್ಪಿನೊಳಗಿನ ಪೊರೆಗೆ ಅಂಟಿಕೊಂಡು, ಚೆಲುವಾದ ಮೊಟ್ಟೆ ಸಿಡುಬು ಬಂದ ಮುಖದಂತಾಗುತ್ತದೆ. ದಿನ ಕಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಇಂಗಾಲಾಮ್ಲ ಹೊರಹೋಗಿ ಬಿಳಿಯ ಭಾಗ ಕ್ಷಾರವಾಗುವುದರಿಂದ ಈ ಅಂಟು ಸಡಿಲುತ್ತದೆ. ಅತಿ ಹಳತೂ ಆಗಬಾರದು. ತಣ್ಣೀರಿನ ಪಾತ್ರೆಯಲ್ಲಿ ಬಿಟ್ಟು ನೋಡಬೇಕು: ತಳದಲ್ಲಿ ಮಲಗಿದ್ದು ಹೊಸದು, ಕುತ್ತಿಗೆ ಎತ್ತಿ ನಿಂತದ್ದು ಹಳೆಯದು, ತೇಲಿದ್ದನ್ನು ಬಿಸಾಡುವುದೇ ಲೇಸು.

ಬೇಯಿಸುವಲ್ಲಿ ಊರಿನ ಎತ್ತರಕ್ಕೂ ಒಂದು ಮಾತಿದೆ. ಕಡಲ ದಂಡೆಯ ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಅರಸೀಕೆರೆಯಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲಾರಂಭಿಸುತ್ತದೆ. ಪಾಕಪುಸ್ತಕ ಹತ್ತು ನಿಮಿಷವೆಂದರೆ ಇಲ್ಲಿ ಹನ್ನೆರಡು ನಿಮಿಷ ಬಿಡುವುದು ಕ್ಷೇಮ. ಹಳದಿ ನಡುವಿನವರೆಗೂ ಗಟ್ಟಿಯಾಗಿರಬೇಕು. ನಡುವೆ ಜೇನಿನಂತೆ ಹರಿಯುವ ಹಳದಿ ಮನೆಯ ಬೆಳಗಿನ ತಟ್ಟೆಗೆ ಸೊಗಸಾದೀತು, ದಾರಿಯ ಬುತ್ತಿಗೆ ಸಲ್ಲದು. ಹಾಗೆಂದು ಅರ್ಧ ಗಂಟೆ ಕುದಿಸಿದರೆ ಬಿಳಿಯಲ್ಲಿರುವ ಗಂಧಕವೂ ಹಳದಿಯಲ್ಲಿರುವ ಕಬ್ಬಿಣವೂ ಕೂಡಿ ಹಳದಿಯ ಸುತ್ತ ಹಸುರುಮಿಶ್ರಿತ ಬೂದುಬಣ್ಣದ ಉಂಗುರವೊಂದು ಮೂಡುತ್ತದೆ. ಅದು ವಿಷವಲ್ಲ; ನೋಟಕ್ಕೆ ಮಾತ್ರ ಕೇಡು. ಸಮಯ ಮುಗಿದೊಡನೆ ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿದರೆ ಉಂಗುರವೂ ಮೂಡದು, ಸುಲಿಯುವುದೂ ಹಗುರವಾಗುತ್ತದೆ.

ಅರ್ಧ ಲೀಟರ್ ಗಟ್ಟಿಮೊಸರನ್ನು ಹಿಂದಿನ ರಾತ್ರಿಯೇ ತೆಳುಬಟ್ಟೆಯಲ್ಲಿ ಗಂಟುಕಟ್ಟಿ, ನೀರು ಇಳಿಯುವಂತೆ ತಂಪುಪೆಟ್ಟಿಗೆಯೊಳಗೆ ಪಾತ್ರೆಯ ಮೇಲೆ ತೂಗಬಿಟ್ಟಿರಬೇಕು. ಬೆಳಿಗ್ಗೆ ಮೂರು ಮೊಟ್ಟೆಗಳ ಹಳದಿಯನ್ನು ತೆಗೆದು ಸಣ್ಣ ಕಣ್ಣಿನ ಜಾಲರಿಯ ಮೂಲಕ ಒತ್ತಬೇಕು. ಈ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಕೆನೆ ನಾಲಗೆಗೆ ಮರಳುಮರಳಾಗಿ ತಗಲುತ್ತದೆ. ಅದಕ್ಕೆ ಕಾಲು ಚಮಚ ಸಾಸಿವೆಪುಡಿ, ಒಂದು ಚಮಚ ನಿಂಬೆರಸ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ನಾದಿ, ಮೂರು ದೊಡ್ಡ ಚಮಚ ಎಣ್ಣೆಯನ್ನು ಮೊದಲು ಹನಿಹನಿಯಾಗಿ, ಮಿಶ್ರಣ ಮಂದವಾದ ಮೇಲೆ ಸಣ್ಣ ಧಾರೆಯಾಗಿ ಎರೆಯುತ್ತ ತಿರುವಬೇಕು. ಅವಸರಪಟ್ಟರೆ ಎಣ್ಣೆ ಒಡೆದು ನಿಲ್ಲುತ್ತದೆ. ಆಗಲೂ ಗಾಬರಿಯಾಗಬೇಕಾಗಿಲ್ಲ: ಬೇರೊಂದು ಬಟ್ಟಲಿನಲ್ಲಿ ಒಂದು ಚಮಚ ತಣ್ಣನೆಯ ಮೊಸರಿಟ್ಟುಕೊಂಡು, ಒಡೆದ ಮಿಶ್ರಣವನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ತಿರುವಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಕೊನೆಗೆ ಐದಾರು ದೊಡ್ಡ ಚಮಚದಷ್ಟು ನೀರಿಳಿದ ಮೊಸರನ್ನು ಬೆರೆಸಿದರೆ ಕೆನೆ ಸಿದ್ಧ.

ಎಣ್ಣೆ ಯಾವುದು? ತೆಂಗಿನ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ; ಆದರೆ ಇಲ್ಲಿ ಆ ಉತ್ತರ ತಪ್ಪು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಚಳಿಯಲ್ಲಿ ಶೀಶೆಯೊಳಗೆ ಅದು ಬೆಣ್ಣೆಯಂತೆ ಕೂತಿರುವುದನ್ನು ಅರಸೀಕೆರೆಯ ಮಕ್ಕಳೂ ಕಂಡಿದ್ದಾರೆ. ತಂಪಾಗಿ ತಿನ್ನುವ ಕೆನೆಯಲ್ಲಿ ಅದು ಗಂಟುಗಂಟಾಗುತ್ತದೆ. ಕಡಲೆಕಾಯಿ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಸಾಕು. ತೆಂಗಿನಹಾಲನ್ನೂ ದಾರಿಯ ಬುತ್ತಿಗೆ ಸೇರಿಸಬಾರದು, ಅದು ಬೇಗ ಹಳಸುತ್ತದೆ. ಊರಿನ ಮಾನ ಉಳಿಸಬೇಕೆಂಬವರು ಬಡಿಸುವಾಗ ಮೇಲೆ ಒಂದು ಹಿಡಿ ಹಸಿ ತುರಿಯನ್ನು ಉದುರಿಸಲಿ, ಯಾರೂ ಬೇಡವೆನ್ನರು.

ಉಳಿದ ಮೊಟ್ಟೆಗಳನ್ನೂ ಬಿಳಿಯ ಭಾಗಗಳನ್ನೂ ಕಡಲೆಬೀಜದ ಗಾತ್ರಕ್ಕೆ ಹೆಚ್ಚಿ, ಸಣ್ಣಗೆ ಕೊಚ್ಚಿದ ಈರುಳ್ಳಿ, ಕೊತ್ತಂಬರಿಸೊಪ್ಪು, ಒಂದು ಹಸಿಮೆಣಸಿನಕಾಯಿ, ಕುಟ್ಟಿದ ಮೆಣಸು ಬೆರೆಸಬೇಕು. ಮೆಣಸು ಬೇಲೂರಿನ ಕಡೆಯ ಕಾಫಿ ತೋಟಗಳದ್ದಾದರೆ ಘಮವೇ ಬೇರೆ. ಸೌತೆಕಾಯಿ ಹಾಕುವವರು ಕೋಸಂಬರಿಯ ಹಳೆಯ ಪಾಠವನ್ನು ಮರೆಯಬಾರದು: ಉಪ್ಪನ್ನು ಮೊದಲೇ ಹಾಕಿದರೆ ತರಕಾರಿ ನೀರು ಬಿಡುತ್ತದೆ. ಉಪ್ಪೂ ಕೆನೆಯೂ ಕಡೆಯಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿರಬಹುದು. “ಬೇಯಿಸಿಕೊಳ್ಳುವುದಾದರೆ ಹಿತ್ತಿಲ ಒಲೆಯಲ್ಲಿ ಬೇಯಿಸಿಕೊಳ್ಳಿ, ನನ್ನ ಪಾತ್ರೆ ಮುಟ್ಟಬೇಡಿ” ಎಂಬುದು ಬಹಳ ಮನೆಗಳ ಒಡಂಬಡಿಕೆ. ಕೆಲವು ಮನೆಗಳಲ್ಲಿ ಅದೂ ಇಲ್ಲ. ಅವರ ಮನಸ್ಸನ್ನು ನೋಯಿಸಿ ತಿಂದ ಸಲಾಡು ಮೈಗೆ ಹತ್ತುವುದಿಲ್ಲ. ಹಾಸನ ಜಿಲ್ಲೆಯ ಆಲೂಗಡ್ಡೆ ಇಂಥ ಹೊತ್ತಿಗೆ ಒದಗುತ್ತದೆ. ಬೇಯಿಸಿದ ಆಲೂಗಡ್ಡೆಯ ಒಂದು ಪಾಲನ್ನು ನುಣ್ಣಗೆ ಹಿಸುಕಿ ಮೊಸರು, ಸಾಸಿವೆ, ಎಣ್ಣೆಗಳೊಡನೆ ಕಲಸಿದರೆ ಅದೂ ಕೆನೆಯೇ. ಉಳಿದ ಪಾಲನ್ನು ಹೋಳು ಮಾಡಿ ಅದರಲ್ಲಿ ಹೊರಳಿಸಿದರೆ ಅಜ್ಜಿಯ ತಟ್ಟೆಗೂ ಒಂದು ಸಲಾಡು. ಇದನ್ನು ಮೊದಲು, ಬೇರೆ ಪಾತ್ರೆಯಲ್ಲಿ, ಬೇರೆ ಚಮಚದಿಂದ ಮಾಡಿಟ್ಟು, ಆಮೇಲೆ ಮೊಟ್ಟೆಯ ಕೆಲಸಕ್ಕೆ ಕೈಹಾಕುವುದು ಸೊಸೆಯ ವಿವೇಕ.

ಇನ್ನು ಪ್ರಯಾಣ. ಬೆಂದ ಮೊಟ್ಟೆಯೇ ಆಗಲಿ, ಮೊಸರಿನ ಕೆನೆಯೇ ಆಗಲಿ, ತಂಪಿನಿಂದ ಹೊರಬಂದ ಎರಡು ಗಂಟೆಗಳೊಳಗೆ ಹೊಟ್ಟೆ ಸೇರಬೇಕು; ಬಿಸಿಲು 32 ಡಿಗ್ರಿಯನ್ನು ದಾಟಿದ ದಿನ ಒಂದೇ ಗಂಟೆ. ಆದ್ದರಿಂದ ರಾತ್ರಿಯೇ ಮಾಡಿ ಬೆಚ್ಚನೆಯ ಅಡುಗೆಮನೆಯಲ್ಲಿ ಇಡುವುದು ಬೇಡ. ಹೊರಡುವ ಮುನ್ನ ಕಲಸಿ, ಅಗಲ ಬಾಯಿಯ ಫ್ಲಾಸ್ಕನ್ನು ಮಂಜುಗಡ್ಡೆಯ ನೀರಿನಿಂದ ತಂಪುಮಾಡಿ ಅದರಲ್ಲಿ ತುಂಬಬೇಕು, ಇಲ್ಲವೆ ಡಬ್ಬಿಯ ಸುತ್ತ ಮಂಜುಗಡ್ಡೆಯ ಚೀಲವನ್ನಿಡಬೇಕು. ಬನ್ನು, ಚಪಾತಿಗಳು ಬೇರೆ ಡಬ್ಬಿಯಲ್ಲಿರಲಿ. ಮೊದಲೇ ಕೂಡಿಸಿದರೆ ಬನ್ನು ಒದ್ದೆ ಹತ್ತಿಯಂತಾಗುತ್ತದೆ.

ದೇಗುಲವನ್ನು ನೋಡಿ ಬಂದು ನೆಮ್ಮದಿಯಾಗಿ ಊಟ ಮಾಡೋಣವೆಂಬುದು ಎಲ್ಲ ಯಜಮಾನರ ವಾಡಿಕೆ. ಈ ಬುತ್ತಿಯ ಮಟ್ಟಿಗೆ ಆ ಕ್ರಮ ತಲೆಕೆಳಗಾಗಬೇಕು. 1121ರಲ್ಲಿ ಆರಂಭವಾದ ಹೊಯ್ಸಳೇಶ್ವರನ ಗೋಡೆಗಳ ಮುಂದೆ ನಿಂತವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಆನೆಗಳ ಸಾಲಿನ ಮೇಲೆ ಸಿಂಹಗಳ ಸಾಲು, ಅದರ ಮೇಲೆ ಬಳ್ಳಿ, ಕುದುರೆ, ಪುರಾಣದ ಕಥೆ ಎಂದು ಕಣ್ಣು ಏರುತ್ತ ಹೋದಂತೆ, ವಾಹನದಲ್ಲಿ ಬಿಟ್ಟ ಡಬ್ಬಿ ಬಿಸಿಲಿಗೆ ಕಾಯುತ್ತಿರುತ್ತದೆ. ದೇವರ ಸನ್ನಿಧಿಗೆ ಮೊಟ್ಟೆಯ ಬುತ್ತಿಯನ್ನು ಒಯ್ಯುವುದಂತೂ ಸಲ್ಲದ ಮಾತು. ಹಳೇಬೀಡಿಗೆ ಬಂದೊಡನೆ, ಆವರಣದಿಂದ ದೂರ, ರಾಜಧಾನಿಗೇ ಹೆಸರು ಕೊಟ್ಟ ದೋರಸಮುದ್ರದ ಕೆರೆಯ ಕಡೆ ನೆರಳೊಂದನ್ನು ಹುಡುಕಿ, ಕೈತೊಳೆದು, ಬನ್ನಿನ ನಡುವೆ ಕೆನೆಯನ್ನು ತುಂಬಿ ಮಕ್ಕಳ ಕೈಗಿಟ್ಟುಬಿಡಬೇಕು. ಉಳಿದದ್ದನ್ನು “ಬೇಲೂರಿನಲ್ಲಿ ಆದೀತು” ಎಂದು ಕಟ್ಟಿಕೊಳ್ಳಬಾರದು. 1117ರ ಚೆನ್ನಕೇಶವನ ದರ್ಶನವಾಗುವ ಹೊತ್ತಿಗೆ ನಡುಮಧ್ಯಾಹ್ನ ಕಳೆದಿರುತ್ತದೆ. ಅಲ್ಲಿನ ಊಟಕ್ಕೆ ಊರಿನ ಹೋಟೆಲುಗಳಿವೆ.

ಬುತ್ತಿ ತೆರೆದಲ್ಲಿ ಕಾಗದ, ಡಬ್ಬಿ, ಚೂರು ಯಾವುದನ್ನೂ ಕೆರೆಯ ದಂಡೆಗೆ ಬಿಡದೆ ಚೀಲಕ್ಕೆ ಹಾಕಿ ತರಬೇಕು. ಬೆಳಿಗ್ಗೆ ಸುಲಿದ ಚಿಪ್ಪುಗಳು ಅಷ್ಟು ಹೊತ್ತಿಗೆ ಹಿತ್ತಿಲಲ್ಲಿ ಒಣಗಿರುತ್ತವೆ. ಅವುಗಳಲ್ಲಿರುವುದು ಬಹುಪಾಲು ಸುಣ್ಣದ ಅಂಶ. ಕುಟ್ಟಿ ಪುಡಿಮಾಡಿದರೆ ಮಲ್ಲಿಗೆ ಗಿಡದ ಬುಡಕ್ಕೆ ಹಾಕಬಹುದು. ಅದಕ್ಕೆ ಅಜ್ಜಿಯೂ ಬೇಡವೆನ್ನಲಿಕ್ಕಿಲ್ಲ.