ರಕ್ತ ತಿಳಿಸುವ ಸುದ್ದಿ

ಮಕ್ಕಳೇ, ಮೈ ಬಿಸಿಯಾದರೆ ಅಮ್ಮ ಹಣೆ ಮುಟ್ಟಿ ನೋಡುತ್ತಾಳಲ್ಲವೇ? ಆದರೆ ದೇಹದ ಒಳಗಿನ ಎಲ್ಲ ತೊಂದರೆಗಳು ಕೈಗೆ ತಿಳಿಯುವುದಿಲ್ಲ.

ಕೊರೊನಾ ರೋಗವು 2020ರ ಮಾರ್ಚ್ ತಿಂಗಳಲ್ಲಿ ತೆಲಂಗಾಣಕ್ಕೆ ಬಂದಿತು. 2021ರ ಮೇ ತಿಂಗಳಲ್ಲಿ ರಾಜ್ಯದಾದ್ಯಂತ ಮನೆಮನೆ ಜ್ವರ ಸಮೀಕ್ಷೆ ನಡೆಯಿತು. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಇರುವ ನಮ್ಮ ಗಡಿಭಾಗವೂ ಅದರಲ್ಲಿ ಸೇರಿತ್ತು. ಆಶಾ ಕಾರ್ಯಕರ್ತೆಯರು ಮನೆಗಳಿಗೆ ಹೋಗಿ ಜ್ವರ, ಕೆಮ್ಮು ಇದೆಯೇ ಎಂದು ವಿಚಾರಿಸಿದರು.

ಮೂಗು ಮತ್ತು ಗಂಟಲಿನ ದ್ರವದ ಪರೀಕ್ಷೆಯು ರೋಗಾಣು ಇದೆಯೇ ಎಂಬುದನ್ನು ತಿಳಿಸುತ್ತದೆ. ರೋಗ ಎಷ್ಟು ಬಲಿತಿದೆ ಎಂದು ತಿಳಿಯಲು ರಕ್ತ ಪರೀಕ್ಷೆ ನೆರವಾಗುತ್ತದೆ. ಬಿಳಿ ರಕ್ತಕಣಗಳು ನಮ್ಮ ದೇಹದ ಕಾವಲುಗಾರರು. ಅವುಗಳಲ್ಲಿ ಲಿಂಫೋಸೈಟ್ ಎಂಬುದು ಒಂದು ಬಗೆ. ಕೊರೊನಾ ತೀವ್ರವಾದ ಅನೇಕರಲ್ಲಿ ಇವು ಕಡಿಮೆಯಾಗುತ್ತವೆ; ಸಿ.ಆರ್.ಪಿ. ಎಂಬ ಪ್ರೋಟೀನು ಹೆಚ್ಚುತ್ತದೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ರಕ್ತದಲ್ಲಿರುವ ಆಮ್ಲಜನಕದ ಮಟ್ಟವನ್ನು ತೋರಿಸುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 95ರಿಂದ 100 ಇರುತ್ತದೆ. ಕೆಲವು ರೋಗಿಗಳಿಗೆ ಉಸಿರಾಟದ ಕಷ್ಟ ತಿಳಿಯದಿದ್ದರೂ ಈ ಅಂಕಿ ಇಳಿಯುತ್ತಿತ್ತು. "ನನಗೇನೂ ಆಗಿಲ್ಲ" ಎಂದು ಮನೆಯಲ್ಲೇ ಉಳಿದರೆ ಪ್ರಾಣಕ್ಕೇ ಅಪಾಯವಿತ್ತು.

ವೈದ್ಯರು ರೋಗಿಯ ಎತ್ತರ, ತೂಕಗಳನ್ನೂ ಅಳೆಯುತ್ತಾರೆ. ಎತ್ತರಕ್ಕೆ ಹೋಲಿಸಿದರೆ ತೂಕ ಬಹಳ ಹೆಚ್ಚಿರುವವರಲ್ಲಿ ಈ ರೋಗ ತೀವ್ರವಾಗುವ ಸಂಭವ ಹೆಚ್ಚು. ಅಂಥವರನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಕು. ಅಳತೆ ಇರುವುದು ಯಾರನ್ನೂ ಹಾಸ್ಯ ಮಾಡಲು ಅಲ್ಲ, ಕಾಪಾಡಲು.

ಶಾಲೆಯಲ್ಲಿ ಎತ್ತರ, ತೂಕ ನೋಡುವಾಗ ನಾಚಬೇಡಿರಿ. ರಕ್ತ ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರೆ ಸೂಜಿಗೆ ಹೆದರಬೇಡಿರಿ. ಕ್ಷಣದ ನೋವು ಮುಂದಿನ ದೊಡ್ಡ ನೋವನ್ನು ತಪ್ಪಿಸಬಲ್ಲದು.