ಇರುಳುಗುರುಡನ್ನು ಅಳೆಯುವ ವಿದ್ಯುತ್ತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಲ್ಲಿ ಊರಿಗಿಂತ ಮೊದಲೇ ಕತ್ತಲೆ ಕವಿಯುತ್ತದೆ. ಆ ಮಬ್ಬಿನಲ್ಲಿ ಬದುವನ್ನು ಗುರುತಿಸಲಾರದೆ ಪದೇ ಪದೇ ಎಡವುವ ಹುಡುಗನಿಗೆ ಇರುಳುಗುರುಡು ಇರಬಹುದು. ಎ ಜೀವಸತ್ವದ ಕೊರತೆಯಿಂದ ಬಂದುದಾದರೆ ಅದು ಸಕಾಲದ ಚಿಕಿತ್ಸೆಯಿಂದ ವಾಸಿಯಾಗುತ್ತದೆ. ವಂಶದಲ್ಲಿ ಇಳಿದುಬರುವ ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ರೋಗದ ಲಕ್ಷಣವಾದರೆ ಹಾಗಲ್ಲ.

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳೂ, ಹಗಲಿನ ಬೆಳಕನ್ನೂ ಬಣ್ಣವನ್ನೂ ಗ್ರಹಿಸುವ ಶಂಕುಕೋಶಗಳೂ ಇವೆ. ಈ ರೋಗದಲ್ಲಿ ಸಾಮಾನ್ಯವಾಗಿ ದಂಡಕೋಶಗಳು ಮೊದಲು ನಶಿಸುತ್ತವೆ. ಬಳಿಕ ನೋಟದ ವಿಸ್ತಾರವು ಅಂಚಿನಿಂದ ಕಿರಿದಾಗುತ್ತ ಬರುತ್ತದೆ.

ಬೆಳಕು ಬಿದ್ದಾಗ ಕಣ್ಣಿನಲ್ಲಿ ವಿದ್ಯುತ್ತಿನ ಏರಿಳಿತವಾಗುವುದನ್ನು ಸ್ವೀಡನ್ನಿನ ಹೋಮ್‌ಗ್ರೆನ್ 1865ರಲ್ಲಿ ಕಂಡನು. ಈ ರೋಗಿಗಳಲ್ಲಿ ಆ ಏರಿಳಿತವು ಅಡಗಿಹೋಗಿರುವುದನ್ನು ಅದೇ ದೇಶದ ಕಾರ್ಪೆ 1945ರಲ್ಲಿ ತೋರಿಸಿದನು. ಈಗ ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಈ ಪರೀಕ್ಷೆ ದೊರೆಯುತ್ತದೆ. ಪಾಪೆಯನ್ನು ಹಿಗ್ಗಿಸಿ, 20 ನಿಮಿಷ ಕತ್ತಲೆಯಲ್ಲಿ ಕೂರಿಸಿ, ಕಣ್ಣಿಗೆ ತೆಳುವಾದ ವಿದ್ಯುದ್ವಾರವನ್ನು ತಾಗಿಸಿ, ಮಂದವಾದ ಮಿಂಚನ್ನು ಹಾಯಿಸುತ್ತಾರೆ. ಆಗ ಮೂಡುವ ಅಲೆ ದಂಡಕೋಶಗಳ ವ್ಯವಸ್ಥೆಯದು. ಅನಂತರ ಬೆಳಕಿನ ಹಿನ್ನೆಲೆಯಲ್ಲಿ ಸೆಕೆಂಡಿಗೆ ಸುಮಾರು 30 ಸಲ ಮಿನುಗಿಸಿದರೆ ಶಂಕುಕೋಶಗಳ ಉತ್ತರ ಸಿಕ್ಕುತ್ತದೆ. ಅಲೆಯ ಎತ್ತರ ಕೆಲವು ನೂರು ಮೈಕ್ರೋವೋಲ್ಟಿಗೆ ಮೀರದು.

ವೈದ್ಯನು ಇಣುಕಿ ನೋಡಿದಾಗ ಅಕ್ಷಿಪಟಲದಲ್ಲಿ ಕಪ್ಪು ಚುಕ್ಕೆಗಳು ಕಾಣುವುದಕ್ಕೆ ಮೊದಲೇ ಈ ಅಲೆ ಕುಗ್ಗಿರುವುದುಂಟು. ಆದುದರಿಂದ ಅಣ್ಣನಲ್ಲಿ ರೋಗವಿದ್ದರೆ ತಮ್ಮ ತಂಗಿಯರನ್ನೂ ಪರೀಕ್ಷಿಸುವುದು ಉಚಿತ.

ನಮ್ಮ ಸೀಮೆಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ ತಾಯಂದಿರನ್ನು ವಿಚಾರಿಸಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ಸೋದರಮಾವನೊಡನೆಯೋ ಹತ್ತಿರದ ಬಂಧುವಿನೊಡನೆಯೋ ಆದದ್ದೆಂದು ತಿಳಿದುಬಂದಿತು. ಅಜ್ಜನಲ್ಲಿ ಅಡಗಿದ್ದ ಒಂದು ದೋಷಯುಕ್ತ ಜೀನು ಇಂತಹ ದಂಪತಿಗಳಿಬ್ಬರಲ್ಲಿಯೂ ಇರಬಹುದು. ಹಾಗಿದ್ದರೆ ಅವರ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಆದರೆ ಅಂತಹ ತಂದೆತಾಯಿಗಳ ಅಲೆ ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ. ಅಡಗಿದ ದೋಷವನ್ನು ಹೊರಗೆಡಹುವುದು ರಕ್ತದ ಜೀನ್ ಪರೀಕ್ಷೆ. ಕಣ್ಣು ಈಗ ಎಷ್ಟು ಕೆಲಸಮಾಡುತ್ತಿದೆಯೆಂಬುದನ್ನು ಅಲೆಯೂ, ದೋಷದ ಮೂಲವನ್ನು ಜೀನೂ ತಿಳಿಸುತ್ತವೆ. ಮದುವೆಯ ಮಾತಿಗೆ ಮೊದಲು ಎರಡನ್ನೂ ತಿಳಿದಿರುವುದು ಲೇಸು.

ಆರ್‌ಪಿಇ 65 ಎಂಬ ಒಂದು ಜೀನಿನ ದೋಷಕ್ಕೆ 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ದೊರೆಯಿತು. ಅದು ಫಲಿಸಬೇಕಾದರೆ ಅಕ್ಷಿಪಟಲದಲ್ಲಿ ಜೀವಂತ ಕೋಶಗಳು ಉಳಿದಿರಬೇಕು. ಎಡವುವ ಹುಡುಗನನ್ನು ಗದರಿಸದೆ ಬೇಗ ಪರೀಕ್ಷೆಗೆ ಕರೆದೊಯ್ಯಬೇಕೆನ್ನುವುದು ಇದಕ್ಕಾಗಿಯೇ.